ಐಸಿಗೊಂದು ಸ್ವೆಟರ್

ಬಿ.ಎಡ್. ಓದುವವರಿಗೆ ಪಾಠ ಮಾಡುವ ಅಭ್ಯಾಸಕ್ಕೆ ಯಾವ ಶಾಲೆ ಸಿಗುತ್ತದೆ ಎನ್ನುವುದು ಅವರವರ ಹಣೆಬರಹ. ಅವಳ ಹಣೆಬರಹ ಕಾಲೇಜಿನ ನೋಟಿಸ್ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಕೊಂಡಿತ್ತು: ಮಗಳು ಓದುವ ಶಾಲೆ. ಅದೂ ಸಾಲದು ಎಂಬಂತೆ ಮಗಳು ಕೂರುವ ಎಂಟನೇ ತರಗತಿ. ವಿಷಯ ವಿಜ್ಞಾನ.

ಬದಲಾಯಿಸಿಕೊಡಿ ಎಂದು ಕಚೇರಿಗೆ ಹೋಗಿ ಅಂಗಲಾಚಿದಳು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಮನೆಗೆ ಹತ್ತಿರದ ಶಾಲೆ ಕೊಡಿ ಅಂತ ಎಲ್ಲರೂ ನನ್ನ ಪ್ರಾಣ ತಿಂತಾರೆ. ನೀವು ಮನೆಯವರೇ ಇರೋ ಶಾಲೆ ಬೇಡ ಅಂತೀರಲ್ಲಮ್ಮ!" ಅಲ್ಲಿಗೆ ಆ ಬಾಗಿಲು ಮುಚ್ಚಿತು. ಶಾಲೆಯ ಮುಖ್ಯೋಪಾಧ್ಯಾಯಿನಿಯಾದರೂ ಆಕ್ಷೇಪಿಸಬಹುದು ಎಂದುಕೊಂಡರೆ ಆಕೆಯೂ ನಕ್ಕುಬಿಟ್ಟರು. "ನೀವೇನು ಮಾರ್ಕ್ಸ್ ಹಾಕೋರಲ್ಲ, ಪಾಠ ಮಾಡಿ ಹೋಗೋರು. ನಮ್ಮ ಕಡೆಯಿಂದ ಅಡ್ಡಿ ಇಲ್ಲ. ಮನೆ ಕಡೆಯಿಂದ ಇದ್ರೆ ನೀವೇ ನೋಡ್ಕೊಳ್ಳಿ."

ಮನೆ ಕಡೆಯಿಂದ ಅಡ್ಡಿ ಇತ್ತು. ಸುದ್ದಿ ಕೇಳಿದ ಮಗಳು ಪುಟ್ಟಿ, ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ತಟ್ಟೆಗೆ ಹಾಕಿ, ಯಾರೋ ಸತ್ತರೇನೋ ಎಂಬಂತೆ ತಾಯಿಯ ಮುಖ ನೋಡಿದಳು.

"ನಮ್ಮ ಕ್ಲಾಸಿಗಾ? ನಮ್ಮ ಕ್ಲಾಸಿಗೇನಾ? ಅಮ್ಮಾ, ನಾನು ಸತ್ತೇ ಹೋಗ್ತೀನಿ."

"ಯಾರೂ ಸಾಯಲ್ಲ. ಆರು ವಾರ ಅಷ್ಟೇ."

"ನಿಂಗೆ ಗೊತ್ತಿಲ್ಲ ನಮ್ಮ ಕ್ಲಾಸು. ಇತಿಹಾಸದ ಮಿಸ್ ಸೀನಿದ್ದನ್ನ ಎರಡು ವರ್ಷದಿಂದ ಆಡ್ಕೊಂಡು ನಗ್ತಾರೆ. ನಾನು ಯಾರ ಮಗಳು ಅಂತ ಗೊತ್ತಾದ್ರೆ ಮುಗೀತು ನನ್ನ ಕಥೆ."

ಆ ಸಂಜೆ ತಾಯಿ ಮಗಳ ನಡುವೆ ಒಪ್ಪಂದವಾಯಿತು. ಶಾಲೆಯ ಗೇಟಿನೊಳಗೆ ಅವರಿಬ್ಬರೂ ಪರಿಚಯವಿಲ್ಲದವರು. ಮಾತಿಲ್ಲ, ನೋಟವಿಲ್ಲ, ಪ್ರಶ್ನೆ ಕೇಳುವುದಂತೂ ಇಲ್ಲವೇ ಇಲ್ಲ. "ಊಟದ ಡಬ್ಬಿ ಮರೆತು ಬಂದ್ರೂ ತಂದುಕೊಡಬೇಡ, ಉಪವಾಸ ಇರ್ತೀನಿ" ಎಂದು ಪುಟ್ಟಿ ಷರತ್ತು ಹಾಕಿದಳು. ಲಿಫ್ಟ್ ರಿಪೇರಿ ಮಾಡುವ ಅವಳ ಅಪ್ಪ ನಡುವೆ ಬಾಯಿ ಹಾಕಿ, "ನನ್ನ ಕೆಲಸದಲ್ಲೇ ಏರಿಳಿತ ಜಾಸ್ತಿ ಅಂದ್ಕೊಂಡಿದ್ದೆ, ನಿಮ್ಮದೇ ಮೇಲು" ಎಂದ. ತಾಯಿ ಮಗಳಿಬ್ಬರೂ ಒಟ್ಟಿಗೆ ತಿರುಗಿ ನೋಡಿದ್ದಕ್ಕೆ ಎದ್ದು ಸುಮ್ಮನೆ ಬಚ್ಚಲಿಗೆ ಹೋದ.

ಮಗಳ ಕಷ್ಟ ಅವಳಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಅವಳದ್ದೂ ಒಂದು ಕಷ್ಟವಿತ್ತು. ಹದಿನಾಲ್ಕು ವರ್ಷ ಬಣ್ಣದ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಕೆಲಸ ಮಾಡಿದವಳು ಅವಳು. ಗೋಡೆಗೆ ಬಳಿಯುವ ಬಣ್ಣ ಮಾದರಿಯ ಬಣ್ಣಕ್ಕೆ ಹೊಂದುತ್ತದೋ ಇಲ್ಲವೋ ನೋಡುವುದು, ಬಳಿದದ್ದು ಒಣಗಿದ ಮೇಲೆ ಎಷ್ಟು ಗಾಢವಾಗುತ್ತದೆ ಎಂದು ಅಳೆಯುವುದು ಅವಳ ಕೆಲಸ. ಅಲ್ಲಿನ ಮೇಲಧಿಕಾರಿಣಿ ಒಂದು ನಿಯಮ ಇಟ್ಟಿದ್ದಳು: ಯಾವ ಪರೀಕ್ಷೆಯನ್ನೂ ಸುಮ್ಮನೆ ಮಾಡುವ ಹಾಗಿಲ್ಲ, ಏನಾಗುತ್ತದೆ ಎಂದು ಮೊದಲು ಬಾಯಿಬಿಟ್ಟು ಹೇಳಬೇಕು. "ಮೊದಲು ಹೇಳು, ಆಮೇಲೆ ನೋಡು. ಹೇಳದೆ ನೋಡಿದೋರು ಏನನ್ನೂ ನೋಡಲ್ಲ" ಎನ್ನುತ್ತಿದ್ದಳು ಆಕೆ. ಹೇಳಿದ್ದು ತಪ್ಪಾದರೆ ಬೈಯುತ್ತಿರಲಿಲ್ಲ; ಹೇಳದೆ ಕೈಕಟ್ಟಿ ನಿಂತರೆ ಬೈಯುತ್ತಿದ್ದಳು. ಕಾರ್ಖಾನೆ ಬೇರೆ ಊರಿಗೆ ಹೋಯಿತು, ಕೆಲಸವೂ ಅದರ ಜೊತೆಯಲ್ಲೇ ಹೋಯಿತು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ತನ್ನ ಮಗಳಿಗೆ ಅಕ್ಕಂದಿರಾಗಬಹುದಾದ ಹುಡುಗಿಯರ ಪಕ್ಕದಲ್ಲಿ ಕೂತು ಬಿ.ಎಡ್. ಓದಲು ಶುರು ಮಾಡಿದಾಗ, ವಿಜ್ಞಾನ ಕಲಿಸಿದರೆ ಹೀಗೆಯೇ ಕಲಿಸಬೇಕು ಎಂಬ ಒಂದೇ ಒಂದು ವಿಚಾರ ಅವಳ ಬಳಿ ಇತ್ತು. ಅದನ್ನು ಮಕ್ಕಳ ಮುಂದೆ ಮಾಡಿ ನೋಡಬೇಕೆಂಬ ಆಸೆಯೇ ಅವಳನ್ನು ಅಷ್ಟು ದೂರ ತಂದಿತ್ತು.

ಆಸೆಗೆ ಮೊದಲ ದಿನವೇ ನೀರು ಬಿತ್ತು.

ಎಂಟನೇ ತರಗತಿಯ ವಿಜ್ಞಾನದ ಮೇಷ್ಟ್ರೇ ಅವಳಿಗೆ ಮಾರ್ಗದರ್ಶಕರು. ಒಳಗೆ ಬರುತ್ತಲೇ ಡಸ್ಟರಿನಿಂದ ಮೇಜಿಗೆ ಎರಡು ಏಟು ಕೊಟ್ಟು ಪಾಠ ಶುರು ಮಾಡುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ ಡಸ್ಟರ್ ಮೇಷ್ಟ್ರು ಆಗಿದ್ದರು. ನಿವೃತ್ತಿಗೆ ಹತ್ತಿರವಾದ, ಶರ್ಟಿನ ಜೇಬು ಸದಾ ಸೀಮೆಸುಣ್ಣದ ಪುಡಿಯಿಂದ ಬೆಳ್ಳಗಿರುತ್ತಿದ್ದ ಮನುಷ್ಯ. ಅವರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದರು. ಅವಳು ಒಂದು ಲೋಟ ನೀರು, ಒಂದು ನಿಂಬೆಹಣ್ಣು ತಂದಿದ್ದಳು. ಹಣ್ಣನ್ನು ಎತ್ತಿ ತೋರಿಸಿ, "ಇದನ್ನ ನೀರಿಗೆ ಹಾಕಿದ್ರೆ ತೇಲುತ್ತೋ ಮುಳುಗುತ್ತೋ? ಸಿಪ್ಪೆ ತೆಗೆದು ಹಾಕಿದ್ರೆ? ಮೊದಲು ನೀವು ಹೇಳಿ" ಎಂದಳು.

ತರಗತಿ ಕಲ್ಲಾಗಿ ಕೂತಿತು. ಪೆನ್ನು ಹಿಡಿದು, ತಲೆ ಬಗ್ಗಿಸಿ, ಎಲ್ಲರೂ ಕಾಯುತ್ತಿದ್ದರು. ಯಾಕೆ ಕಾಯುತ್ತಿದ್ದಾರೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಕೊನೆಗೆ ಕಿಟಕಿ ಪಕ್ಕದ ಹುಡುಗನೊಬ್ಬ ಬಹಳ ಮರ್ಯಾದೆಯಿಂದ ಎದ್ದು ನಿಂತ. "ಮಿಸ್, ಉತ್ತರ ಹೇಳಿಬಿಡಿ ಮಿಸ್. ಬರ್ಕೋತೀವಿ."

ಪುಟ್ಟಿ ಮೂರನೇ ಬೆಂಚಿನಲ್ಲಿ ತನ್ನ ಉಗುರುಗಳನ್ನೇ ಪರೀಕ್ಷಿಸುತ್ತಿದ್ದಳು.

ತರಗತಿ ಮುಗಿದ ಮೇಲೆ ಮೇಷ್ಟ್ರು ಅವಳನ್ನು ಶಿಕ್ಷಕರ ಕೋಣೆಗೆ ಕರೆದು ಕೂರಿಸಿದರು. ಗದರಲಿಲ್ಲ. "ನೋಡಿಮ್ಮ, ನೀವು ಕೇಳೋದು ಒಳ್ಳೇದೇ. ಆದ್ರೆ ಈ ಮಕ್ಕಳಿಗೆ ತಪ್ಪು ಹೇಳಿದ್ರೆ ಏನಾಗುತ್ತೆ ಅಂತ ಗೊತ್ತು. ಪಕ್ಕದೋರು ನಗ್ತಾರೆ. ಇಷ್ಟು ದೊಡ್ಡ ತರಗತಿ, ಮುಗಿಸಬೇಕಾದ ಪಾಠ ಒಂದು ರಾಶಿ. ನಾನು ಬರೆಸ್ತೀನಿ, ಅವರು ಬರೀತಾರೆ, ಪಾಸಾಗ್ತಾರೆ. ನಾನೂ ನಿಮ್ಮ ಹಾಗೇ ಬಂದೋನು. ಊರಿಗೆಲ್ಲ ಉತ್ಸಾಹ ಹಂಚೋಷ್ಟಿತ್ತು ನನ್ನ ಹತ್ರ."

ಎರಡನೆಯ ವಾರ, ಮೂರನೆಯ ವಾರ ಅದೇ ಹಾಡು. ಕೇಳುವುದು ಅವಳು, ಸುಮ್ಮನಿರುವುದು ಅವರು. ಒಂದು ದಿನ ಬೇಸತ್ತು ಮೇಷ್ಟ್ರ ದಾರಿಯನ್ನೇ ಹಿಡಿದಳು. ನಿಂತು ಬರೆಸಿದಳು. ಅರ್ಧವಿರಾಮ, ಪೂರ್ಣವಿರಾಮ, ಕೆಳಗೆ ಗೆರೆ ಎಳೆಯಿರಿ, ಮುಂದಿನ ಸಾಲು. ಪಾಠ ಬೆಣ್ಣೆಯಂತೆ ಜಾರಿತು. ಗಂಟೆ ಹೊಡೆಯುವ ಮುನ್ನವೇ ಮುಗಿಯಿತು. ಮೇಷ್ಟ್ರು ತಲೆಯಾಡಿಸಿದರು. ಅವಳು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ಇವತ್ತು ಚೆನ್ನಾಗಿತ್ತು" ಎಂದಳು ಪುಟ್ಟಿ, ಸಮಾಧಾನ ಹೇಳುವವಳಂತೆ.

"ಏನು ಪಾಠ ಇತ್ತು ಹೇಳು?"

ಪುಟ್ಟಿ ಬಾಯಿ ತೆರೆದಳು. ಯೋಚಿಸಿದಳು. ಬಾಯಿ ಮುಚ್ಚಿದಳು. "ನೋಟ್ಸ್ ಇದೆ. ನೋಡಿ ಹೇಳ್ತೀನಿ."

ತಾಯಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಐದನೆಯ ವಾರ ಕಾಲೇಜಿನಿಂದ ದೊಡ್ಡ ಮೇಡಂ ಬರುವವರಿದ್ದರು. ಪ್ರತಿಯೊಬ್ಬ ವಿದ್ಯಾರ್ಥಿ ಶಿಕ್ಷಕಿಯ ಒಂದು ಪಾಠ ಪೂರ್ತಿ ಕೂತು ನೋಡಿ ಅಂಕ ಕೊಡುವವರು ಅವರೇ. ಅವರು ಸಾಕು ಎಂದರೆ ಅವಳು ಶಿಕ್ಷಕಿ. ಸಾಲದು ಎಂದರೆ ಇನ್ನೊಂದು ವರ್ಷ ಅದೇ ಬೆಂಚು. ಅವತ್ತಿನ ಪಾಠ ಶಾಖ ಹರಿಯುವುದರ ಬಗ್ಗೆ. ಬರೆಸಿಬಿಟ್ಟರೆ ಸುರಕ್ಷಿತ, ತಲೆನೋವಿಲ್ಲ. ಕಸ ಗುಡಿಸುವಾಗ, ಪಾತ್ರೆ ತೊಳೆಯುವಾಗ ಅವಳು ಅದನ್ನೇ ಅಳೆದು ತೂಗಿದಳು. ಪಾತ್ರೆ ಮುಗಿಯುವ ಹೊತ್ತಿಗೆ, ಮುಳುಗಿದರೆ ತನ್ನ ದೋಣಿಯಲ್ಲೇ ಮುಳುಗುತ್ತೇನೆ ಎಂದು ನಿಶ್ಚಯಿಸಿದ್ದಳು.

ಪುಟ್ಟಿ ಗೆಳತಿಯ ಮನೆಗೆ ಹೋಗಿದ್ದ ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ಎರಡು ಒಂದೇ ಅಳತೆಯ ಟೀ ಕಪ್ಪುಗಳ ತಳದಲ್ಲಿ ಒಂದಿಷ್ಟು ನೀರು ಹೆಪ್ಪುಗಟ್ಟಿಸಿ, ಎರಡು ಐಸಿನ ಗಡ್ಡೆ ಹೊರತೆಗೆದಳು. ಒಂದನ್ನು ತಟ್ಟೆಯಲ್ಲಿ ಹಾಗೇ ಇಟ್ಟಳು. ಇನ್ನೊಂದಕ್ಕೆ ಉಣ್ಣೆಯದ್ದು ಏನಾದರೂ ಬೇಕಿತ್ತು. ಪುಟ್ಟಿಗೆಂದು ಅತ್ತೆ ಹೆಣೆದ ಸ್ವೆಟರ್ ಕಪಾಟಿನ ತಳದಲ್ಲಿ ಬಿದ್ದಿತ್ತು. ಹಳದಿ ಮೈ, ಕೇಸರಿ ತೋಳು. ಬಣ್ಣದ ಕಾರ್ಖಾನೆಯಲ್ಲಿದ್ದವಳಿಗೂ ಆ ಬಣ್ಣಗಳನ್ನು ಜೋಡಿಸಿದ್ದಕ್ಕೆ ಕಾರಣ ಹೊಳೆದಿರಲಿಲ್ಲ. ಪುಟ್ಟಿ ಅದನ್ನು ಮೈಗೆ ತಾಗಿಸಿಕೊಳ್ಳುತ್ತಲೇ ಇರಲಿಲ್ಲ.

"ಅತ್ತೆ, ಇದನ್ನ ಒಂದು ಕೆಲಸಕ್ಕೆ ತಗೊಳ್ಳಲಾ? ಸ್ವಲ್ಪ ಒದ್ದೆ ಆಗುತ್ತೆ."

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, ಸ್ವೆಟರಿನೊಳಗೆ ಐಸಿನ ಗಡ್ಡೆ ಸುತ್ತುತ್ತಿದ್ದ ಸೊಸೆಯನ್ನು ಬಹಳ ಹೊತ್ತು ನೋಡಿದರು. "ಯಾಕೇ, ಅದಕ್ಕೆ ನೆಗಡಿಯಾ?"

"ಪಾಠಕ್ಕೆ ಅತ್ತೆ. ಹೇಳಿ ನೋಡೋಣ, ಯಾವುದು ಮೊದಲು ಕರಗುತ್ತೆ?"

"ಇದೇನು ಕೇಳೋದು? ನಾನು ಹೆಣೆದ ಸ್ವೆಟರ್ ಅಂದ್ರೆ ಸುಮ್ನೇನಾ? ಒಳಗಿರೋದು ಕ್ಷಣದಲ್ಲಿ ನೀರಾಗುತ್ತೆ."

ಹಾಗಾಗಲಿಲ್ಲ. ತಟ್ಟೆಯಲ್ಲಿದ್ದದ್ದು ಕರಗಿ ನೀರಾದಾಗಲೂ ಸ್ವೆಟರಿನೊಳಗಿನದು ಅರ್ಧದಷ್ಟು ಉಳಿದಿತ್ತು. ಅತ್ತೆ ಎರಡನ್ನೂ ಮುಟ್ಟಿ ನೋಡಿದರು. "ಇದರಲ್ಲೇನೋ ಮೋಸ ಇದೆ" ಎಂದು ತೀರ್ಪು ಕೊಟ್ಟು, ಇನ್ನೊಂದು ಸಲ ಮಾಡು ಎಂದು ಹಠ ಹಿಡಿದು ಕೂತರು. ಅವಳಿಗೆ ಅಷ್ಟು ದಿನದಲ್ಲಿ ಮೊದಲ ಬಾರಿಗೆ ಎದೆ ಹಗುರವಾಯಿತು.

ದೊಡ್ಡ ಮೇಡಂ ಬರುವ ದಿನ ಐಸಿನ ಗಡ್ಡೆಗಳು ಶಾಲೆಯ ಎದುರಿನ ಜ್ಯೂಸ್ ಅಂಗಡಿಯ ಫ್ರೀಜರಿನಲ್ಲಿದ್ದವು. ಊಟದ ನಂತರದ ಅವಧಿಗೆ ಬರಬೇಕಾದ ಮೇಡಂ ತಡ ಮಾಡಿದರು. ಅವಳು ಐಸನ್ನು ಪಾತ್ರೆಯಲ್ಲಿ ಹಿಡಿದುಕೊಂಡು ಬಂದು ಆಗಿತ್ತು. ಮತ್ತೆ ರಸ್ತೆ ದಾಟಿ ಫ್ರೀಜರಿಗೆ ಇಟ್ಟು ಬಂದಳು. ಮೇಡಂ ಬಂದರೆಂದು ಗೊತ್ತಾದಾಗ ಮತ್ತೆ ಓಡಿದಳು. "ಏನಕ್ಕಾ, ನಿಮ್ಮ ಐಸಿಗೆ ಶಾಲೆ ಇಷ್ಟ ಇಲ್ವಾ?" ಎಂದ ಅಂಗಡಿಯವನು. ಅವಳು ಆಗಲೇ ರಸ್ತೆ ದಾಟುತ್ತಿದ್ದಳು.

ತರಗತಿಯಲ್ಲಿ ಸೆಖೆ. ಎರಡು ಫ್ಯಾನುಗಳಲ್ಲಿ ಒಂದು ತಿರುಗುತ್ತಿತ್ತು, ಇನ್ನೊಂದು ತಿರುಗುವ ಯೋಚನೆ ಮಾಡುತ್ತಿತ್ತು. ಹಿಂದಿನ ಬೆಂಚಿನಲ್ಲಿ ಡಸ್ಟರ್ ಮೇಷ್ಟ್ರು, ಪಕ್ಕದಲ್ಲಿ ಬಿಳಿ ಕೂದಲಿನ ದೊಡ್ಡ ಮೇಡಂ, ತೊಡೆಯ ಮೇಲೆ ಅಂಕದ ಹಾಳೆ. ಅವಳು ಎರಡು ತಟ್ಟೆ ಮುಂದಿಟ್ಟಳು. ಒಂದು ಗಡ್ಡೆಯನ್ನು ಹಾಗೇ ಬಿಟ್ಟಳು. ಇನ್ನೊಂದನ್ನು ಸುತ್ತಲು ಚೀಲದಿಂದ ಸ್ವೆಟರ್ ತೆಗೆದಳು.

ಮೂರನೇ ಬೆಂಚಿನಲ್ಲಿ ಪುಟ್ಟಿಯ ಕಣ್ಣು ಅಗಲವಾದವು. ಹಳದಿ ಮೈ, ಕೇಸರಿ ತೋಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಪುಟ್ಟಿ ಕಿವಿಯವರೆಗೂ ಕೆಂಪಾಗಿ ಮೇಜಿನ ಮೇಲೆ ಬಗ್ಗಿದಳು.

"ಎರಡೂ ಒಂದೇ ಅಳತೆಯ ಐಸು," ಎಂದಳು ತಾಯಿ. "ಒಂದು ಬಯಲಲ್ಲಿದೆ. ಒಂದು ಸ್ವೆಟರ್ ಹಾಕ್ಕೊಂಡಿದೆ. ಯಾವುದು ಮೊದಲು ಕರಗುತ್ತೆ? ಮೊದಲು ಹೇಳಿ, ಆಮೇಲೆ ನೋಡೋಣ."

ಫ್ಯಾನಿನ ಕಿರಕಿರ. ಬಯಲಿನ ಗಡ್ಡೆಯ ಕೆಳಗೆ ಆಗಲೇ ನೀರಿನ ಉಂಗುರ ಮೂಡುತ್ತಿತ್ತು.

"ತಪ್ಪಾದ್ರೂ ಪರವಾಗಿಲ್ಲ. ಅನ್ನಿಸಿದ್ದು ಹೇಳಿ."

ಮೊದಲ ಬೆಂಚಿನ, ಎಲ್ಲದರಲ್ಲೂ ಮೊದಲು ಬರುವ ಹುಡುಗಿಯ ಕೈ ಏಳುತ್ತದೋ ಎಂದು ಎಲ್ಲರೂ ನೋಡಿದರು. ಏಳಲಿಲ್ಲ. ದೊಡ್ಡ ಮೇಡಂ ಏನೋ ಬರೆದುಕೊಂಡರು. ಅವಳ ಅಂಗೈ ತಣ್ಣಗಾಯಿತು. ಐಸು ಮುಟ್ಟಿದ್ದಕ್ಕಲ್ಲ ಎಂದು ಅವಳಿಗೇ ಗೊತ್ತಿತ್ತು. ಬರೆಸಿಬಿಡಲೇ? ಇನ್ನೂ ಕಾಲ ಮಿಂಚಿರಲಿಲ್ಲ. ಶಾಖ ಎಂದರೇನು, ಮುಂದಿನ ಸಾಲು. ಸೀಮೆಸುಣ್ಣ ಕೈಗೆ ಬಂದೂ ಬಿಟ್ಟಿತು.

ಕೊನೆಯ ಪ್ರಯತ್ನ ಎಂದು ಹೇಳಿದಳು: "ಸರಿ. ಒಬ್ಬರು ಬಂದು ನಿಮಗೆ ಹೀಗೆ ಹೇಳಿದ್ರು ಅಂದ್ಕೊಳ್ಳಿ: ಸ್ವೆಟರಿನ ಒಳಗಿರೋ ಐಸೇ ನಿಧಾನವಾಗಿ ಕರಗೋದು ಅಂತ. ನೀವು ಅವರಿಗೆ ಏನಂತೀರಿ?"

"ಸುಳ್ಳು ಅಂತೀನಿ!"

ಮೂರನೇ ಬೆಂಚು. ಪುಟ್ಟಿ ಎದ್ದೇ ನಿಂತಿದ್ದಳು. ಮನೆಯಲ್ಲಿ ಊಟದ ತಟ್ಟೆಯ ಮುಂದೆ ವಾದಕ್ಕೆ ಬೀಳುವಾಗ ಹೇಗೆ ಗಲ್ಲ ಮುಂದೆ ಬರುತ್ತಿತ್ತೋ ಹಾಗೇ ಬಂದಿತ್ತು. ಎಲ್ಲಿದ್ದೇನೆ ಎನ್ನುವುದನ್ನು ಅವಳು ಪೂರ್ತಿ ಮರೆತಿದ್ದಳು.

"ಅದು ಹೇಗಾಗುತ್ತೆ? ಸ್ವೆಟರ್ ಹಾಕ್ಕೊ ಹಾಕ್ಕೊ, ಮೈ ಬಿಸಿ ಮಾಡುತ್ತೆ ಅಂತ ಚಳಿಗಾಲ ಪೂರ್ತಿ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೀನೇ ತಾನೇ ಬಡ್ಕೊಳ್ಳೋದು ಅಮ್ಮಾ!"

ಆ ಕೊನೆಯ ಪದ ಗೋಡೆಗೆ ಬಡಿದು ತಿರುಗಿ ಬಂದಂತಾಯಿತು. ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಾಯಿಗೋ, ನೆಲ ಬಿರಿದು ತನ್ನನ್ನೂ ಮೇಜನ್ನೂ ಎರಡೂ ಐಸನ್ನೂ ಒಳಗೆ ಎಳೆದುಕೊಂಡರೆ ಸಾಕು ಎನಿಸಿತು. ಐದು ವಾರ ಕಾಪಾಡಿದ ಒಪ್ಪಂದ ದೊಡ್ಡ ಮೇಡಂ ಮುಂದೆಯೇ ಚೂರಾಗಿತ್ತು. ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ. ಈಗ ನಗು ಬರುತ್ತದೆ, ಎರಡು ವರ್ಷ ನಿಲ್ಲುವುದಿಲ್ಲ ಎಂದು ಕಾದಳು.

ನಗು ಬಂತು. ಆದರೆ ಅವಳು ಹೆದರಿದ ನಗುವಲ್ಲ.

"ಅಬ್ಬಾ, ಕೊನೆಗೂ!" ಎಂದ ಹಿಂದಿನ ಸಾಲಿನ ಹುಡುಗ. ಸುಮ್ಮನಿರಲಾರದ ಬಾಯಿಗೆ ಗೆಳೆಯರು ಅವನಿಗೆ ಕಾಮೆಂಟರಿ ಎಂದು ಹೆಸರಿಟ್ಟಿದ್ದರು. "ಯಾವಾಗ ಹೇಳ್ತಾಳೆ ಅಂತ ಕಾಯ್ತಾ ಇದ್ವಿ ಮಿಸ್."

"ಅಂದ್ರೆ?" ಎಂದಳು ಪುಟ್ಟಿ, ಕೈ ಬಾಯಿಯಿಂದ ಇಳಿಸಿ.

"ಮೊದಲ ದಿನವೇ ಗೊತ್ತಿತ್ತು ಕಣೇ. ಇಬ್ಬರದ್ದೂ ಒಂದೇ ಮೂಗು. ಮಿಸ್ 'ಹೂಂ, ಆಮೇಲೆ?' ಅಂತಾರಲ್ಲ, ನೀನೂ ಥೇಟ್ ಹಾಗೇ ಅಂತೀಯ."

"ಮತ್ತೆ ಯಾಕೆ ಯಾರೂ ಹೇಳಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದೆ, ಪಾಪ ಅನ್ನಿಸ್ತು" ಎಂದಳು ಮೊದಲ ಬೆಂಚಿನ ಹುಡುಗಿ. "ತಪ್ಪು ಹೇಳಿದ್ರೆ ನೀವಿಬ್ಬರೂ ಮನೆಲಿ ಆಡ್ಕೊಂಡು ನಗ್ತೀರೇನೋ ಅಂತಾನೂ ಭಯ ಇತ್ತು ಮಿಸ್, ನಿಜ ಹೇಳ್ಬೇಕಂದ್ರೆ."

ತಾಯಿ ಮೇಜಿಗೆ ಒರಗಿದಳು. ಹೆಗಲಿನಿಂದ ಯಾರೋ ದೊಡ್ಡ ಮೂಟೆಯೊಂದನ್ನು ಇಳಿಸಿಕೊಂಡು ಹೋದ ಹಾಗಿತ್ತು. ಇಷ್ಟೇನಾ? ಐದು ವಾರ ಈ ಮಕ್ಕಳು ಬಾಯಿ ಬಿಡದಿದ್ದುದಕ್ಕೆ ಕಾರಣ ಇದೇ ಇರಬಹುದಾ? ಅವಳು ಮಗಳನ್ನು ನೋಡಿದಳು. ಪುಟ್ಟಿ ಕೂತಿರಲಿಲ್ಲ. ಮುಖ ಇನ್ನೂ ಕೆಂಪಗಿತ್ತು, ಗಲ್ಲ ಮಾತ್ರ ಇನ್ನೂ ಮುಂದೆಯೇ ಇತ್ತು.

"ಉತ್ತರ ಹೇಳಲಿಲ್ಲ ನೀನು" ಎಂದಳು ಪುಟ್ಟಿ. "ಬಿಸಿ ಮಾಡುತ್ತೆ ಅಂತ ಹೇಳಿದ್ಯೋ ಇಲ್ವೋ?"

"ಹೇಳಿದ್ದೀನಿ" ಎಂದಳು ತಾಯಿ. "ದಿನಾ ಹೇಳಿದ್ದೀನಿ. ಸರಿ ಹೇಳಿದ್ದೀನೋ ತಪ್ಪು ಹೇಳಿದ್ದೀನೋ, ಅದನ್ನೇ ಈಗ ನೋಡ್ತಿರೋದು. ಸ್ವೆಟರ್ ಒಳಗಿನದೇ ಮೊದಲು ಕರಗುತ್ತೆ ಅನ್ನೋರು ಯಾರ್ಯಾರು?"

ಕೈಗಳ ಕಾಡೇ ಎದ್ದಿತು.

"ಬಯಲಿನದು ಅನ್ನೋರು?"

ಕಾಮೆಂಟರಿಯದ್ದು, ಇನ್ನೂ ಕೆಲವರದ್ದು. "ಎಲ್ಲರೂ ಆ ಕಡೆ ಇದ್ದಾರಲ್ಲ, ಈ ಕಡೇನೂ ನಾಲ್ಕು ಜನ ಬೇಡ್ವಾ ಮಿಸ್, ಆಟ ಚೆನ್ನಾಗಿರಲ್ಲ" ಎಂದ. ಅವನ ಬೆಂಚಿನವರು ಅವನ ತಲೆಗೆ ಮೊಟಕಿದರು. ಆಮೇಲೆ ವಾದ ಶುರುವಾಯಿತು ನೋಡಿ. ಸ್ವೆಟರಿನೊಳಗೆ ಬೆಂಕಿ ಇದೆಯಾ ಎಂದು ಒಬ್ಬಳು. ಇಲ್ಲದಿದ್ದರೆ ಚಳಿಗೆ ಯಾಕೆ ಹಾಕುತ್ತಾರೆ ಎಂದು ಇನ್ನೊಬ್ಬ. ಉಣ್ಣೆ ತಾನಾಗಿ ಬಿಸಿಯಾಗುತ್ತದೆ, ಅಂಗಡಿಯಲ್ಲಿ ಮುಟ್ಟಿದರೂ ಬೆಚ್ಚಗಿರುತ್ತದೆ ಎಂದು ಪುಟ್ಟಿ. ಹಾಗಾದರೆ ಥರ್ಮಾಮೀಟರ್ ಇಟ್ಟು ನೋಡೋಣ ಎಂದಳು, ಅಲ್ಲಿಯವರೆಗೆ ಆ ವರ್ಷವಿಡೀ ಬಾಯಿ ಬಿಟ್ಟಿರದ, ಬಾಗಿಲ ಬಳಿಯ ಹುಡುಗಿ.

ಇದು ಅವಳ ಪಾಠದ ಯೋಜನೆಯಲ್ಲಿ ಇರಲಿಲ್ಲ. ಥರ್ಮಾಮೀಟರ್ ಇರಲಿಲ್ಲ. ಅವಳು ತಲೆ ಎತ್ತುವಷ್ಟರಲ್ಲಿ ಡಸ್ಟರ್ ಮೇಷ್ಟ್ರು ಹಿಂದಿನ ಬೆಂಚಿನಿಂದ ಎದ್ದಿದ್ದರು. "ಪ್ರಯೋಗಾಲಯದ ಬೀರುವಿನಲ್ಲಿದೆ, ತರ್ತೀನಿ" ಎಂದು ಬೀಗದ ಕೈ ಗಲಗಲ ಎನಿಸುತ್ತಾ ಹೊರಟೇ ಹೋದರು.

ಬಾಗಿಲ ಬಳಿಯ ಹುಡುಗಿ ಸ್ವೆಟರಿನ ಖಾಲಿ ತೋಳಿನೊಳಗೆ ಥರ್ಮಾಮೀಟರ್ ಇಳಿಸಿ, ಉಸಿರು ಬಿಗಿಹಿಡಿದು ನೋಡಿದಳು. ಕೋಣೆಯಲ್ಲಿ ಎಷ್ಟಿತ್ತೋ ತೋಳಿನೊಳಗೂ ಅಷ್ಟೇ. ಯಾರೂ ನಂಬಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಓದಿದರು. ಅಷ್ಟೇ.

"ಹಾಗಾದ್ರೆ ಬಿಸಿ ಎಲ್ಲಿಂದ ಬರುತ್ತೆ?" ಎಂದಳು ಪುಟ್ಟಿ. ಇದು ತಾಯಿಗೆ ಕೇಳಿದ್ದಲ್ಲ, ಎಲ್ಲರಿಗೂ ಕೇಳಿದ್ದು.

ಉತ್ತರ ತಾಯಿಯ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡಳು. "ಹೂಂ, ಆಮೇಲೆ?" ಎಂದಳು ಅಷ್ಟೇ, ಇಡೀ ತರಗತಿ ಗೊಳ್ಳೆಂದು ನಕ್ಕಿತು, ಪುಟ್ಟಿಯೂ ನಕ್ಕಳು.

ಮಾತಿನ ಮೇಲೆ ಮಾತು ಬೆಳೆಯುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಯಲಿನ ಗಡ್ಡೆ ತೆಳುವಾಗುತ್ತಾ, ಕೊನೆಗೆ ಗುಂಡಿಯಷ್ಟಾಗಿ, ನೀರಿನಲ್ಲಿ ಜಾರಿ ಮಾಯವಾಯಿತು. ಮೊದಲ ಬೆಂಚಿನ ಹುಡುಗಿ ಸ್ವೆಟರನ್ನು ಬಿಚ್ಚಿದಳು. ಒಳಗೆ, ಒದ್ದೆ ಹಳದಿ ಉಣ್ಣೆಯ ನಡುವೆ, ಗಡ್ಡೆ ಅರ್ಧಕ್ಕಿಂತ ಹೆಚ್ಚು ಉಳಿದು ಹೊಳೆಯುತ್ತಿತ್ತು. ಹೋ ಎಂದು ಕೂಗೆದ್ದಿತು. ಕಾಮೆಂಟರಿ ಬೆಂಚಿನ ಮೇಲೆ ಹತ್ತಿದವನು ದೊಡ್ಡ ಮೇಡಂ ಕಂಡು ಇಳಿದ.

"ಅರ್ಥ ಆಯ್ತು!" ಎಂದಳು ಪುಟ್ಟಿ. "ಸ್ವೆಟರ್ ಬಿಸಿ ಮಾಡಲ್ಲ. ಸುಮ್ನೆ ಅಡ್ಡ ನಿಲ್ಲುತ್ತೆ. ಹೊರಗಿನ ಬಿಸಿ ಒಳಗೆ ಹೋಗೋಕೆ ಬಿಡಲ್ಲ, ಅದಕ್ಕೆ ಐಸು ಉಳೀತು. ನಾವು ಹಾಕ್ಕೊಂಡ್ರೆ ನಮ್ಮ ಮೈ ಬಿಸಿಯನ್ನ ಹೊರಗೆ ಹೋಗೋಕೆ ಬಿಡಲ್ಲ. ಬಿಸಿ ನಮ್ಮದೇ."

"ಕಟ್ಟುನಿಟ್ಟಿನ ವಾಚ್‌ಮನ್" ಎಂದ ಕಾಮೆಂಟರಿ. "ಯಾರನ್ನೂ ಒಳಗೂ ಬಿಡಲ್ಲ, ಹೊರಗೂ ಬಿಡಲ್ಲ."

"ಪೂರ್ತಿ ಬಿಡಲ್ಲ ಅಂತಲ್ಲ" ಎಂದಳು ಬಾಗಿಲ ಬಳಿಯ ಹುಡುಗಿ ಮೆತ್ತಗೆ. "ಇದೂ ಸ್ವಲ್ಪ ಕರಗಿದೆ ನೋಡಿ. ನಿಧಾನವಾಗಿ ಬಿಡುತ್ತೆ."

ತಾಯಿ ಕರಿಹಲಗೆಯ ಮೇಲೆ 'ಅವಾಹಕ' ಎಂದು ಬರೆದಳು. ಅವತ್ತು ಅವಳು ಬರೆದದ್ದು ಅದೊಂದೇ ಪದ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಆ ವಾಚ್‌ಮನ್ ಎಂದು ಹೇಳಿ ಮುಗಿಸುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಯಾರೂ ಏಳಲಿಲ್ಲ. ಉಳಿದ ಗಡ್ಡೆ ಪೂರ್ತಿ ಕರಗುವವರೆಗೆ ನೋಡಬೇಕಂತೆ. ಮುಂದಿನ ಅವಧಿಯ ಗಣಿತದ ಮಿಸ್ ಬಾಗಿಲಲ್ಲಿ ನಿಂತು ಕೆಮ್ಮಿದ ಮೇಲೆಯೇ ತಟ್ಟೆಗಳು ಜಾಗ ಬಿಟ್ಟದ್ದು.

ಶಿಕ್ಷಕರ ಕೋಣೆಯಲ್ಲಿ ದೊಡ್ಡ ಮೇಡಂ ಕನ್ನಡಕ ಒರೆಸಿಕೊಂಡು ಹಾಳೆ ತೆಗೆದರು. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ನಿಮ್ಮ ಅಕ್ಷರ ಕರಿಹಲಗೆ ಮೇಲೆ ಇಳಿಜಾರಿಗೆ ಹೋಗುತ್ತೆ. ಸರಿ ಮಾಡ್ಕೊಳ್ಳಿ. ಸಮಯ ಮೀರಿದ್ರಿ. ಹಿಂದಿನ ಸಾಲಿಗೆ ತಟ್ಟೆ ಕಾಣ್ತಿರಲಿಲ್ಲ, ಮುಂದಿನ ಸಲ ಮೇಜನ್ನ ಮಧ್ಯಕ್ಕೆ ತನ್ನಿ." ಅವರು ನಿಲ್ಲಿಸಿದರು. "ಇಷ್ಟು ಸಾಕಾ ಬೈಗುಳ?"

"ಸಾಕು ಮೇಡಂ."

"ಅಂಕ ಚೆನ್ನಾಗೇ ಕೊಟ್ಟಿದ್ದೀನಿ. ನೀವು ಪಾಸು. ಆ ಮಗು ಎದ್ದು ನಿಂತಾಗ ಬಾಯಿ ಮುಚ್ಚು, ಕೂತ್ಕೋ ಅಂತ ಗದರಿದ್ರೆ ಬೇರೆ ಮಾತಾಗ್ತಿತ್ತು. ಗದರಲಿಲ್ಲ ನೀವು. ವಾದ ಮಾಡೋಕೆ ಬಿಟ್ರಿ." ಹೊರಡುತ್ತಾ ಬಾಗಿಲಲ್ಲಿ ತಿರುಗಿ, "ಅಂದ ಹಾಗೆ, ನನ್ನ ಕೈ ಯಾವ ಕಡೆ ಏಳಬೇಕು ಅಂತ ನಂಗೂ ಒಂದು ಕ್ಷಣ ಯೋಚನೆ ಆಯ್ತು" ಎಂದರು.

ಆಕೆ ಹೋದ ಮೇಲೆ ಅವಳು ಕುರ್ಚಿಗೆ ಪೂರ್ತಿ ಒರಗಿದಳು. ಕಣ್ಣು ಒದ್ದೆಯಾಯಿತು. ಡಸ್ಟರ್ ಮೇಷ್ಟ್ರು ಕಂಡೂ ಕಾಣದವರಂತೆ ಅವಳ ಮುಂದೆ ಒಂದು ಲೋಟ ಟೀ ಇಟ್ಟರು.

"ಕುಡೀರಮ್ಮ. ಇಷ್ಟು ವರ್ಷ ಈ ಪಾಠ ಬರೆಸಿದ್ದೀನಿ. ಉಣ್ಣೆ ಅವಾಹಕ, ಪೂರ್ಣವಿರಾಮ. ಐಸಿಗೆ ಸ್ವೆಟರ್ ತೊಡಿಸಿದ್ದನ್ನ ಕಣ್ಣಾರೆ ನೋಡಿದ್ದು ಇವತ್ತೇ." ಅವರು ತಮ್ಮ ಲೋಟದಿಂದ ಒಂದು ಗುಟುಕು ಕುಡಿದು, ಸ್ವಲ್ಪ ಸಂಕೋಚದಿಂದ ಕೇಳಿದರು. "ಆ ಬಾಗಿಲ ಹತ್ರದ ಹುಡುಗಿ ಇದ್ದಾಳಲ್ಲ, ಅವಳ ದನಿ ಹೀಗಿರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ. ಒಂಬತ್ತನೇ ತರಗತಿಗೂ ಇಂಥದ್ದೇ ಏನಾದ್ರೂ ಮಾಡೋಕಾಗುತ್ತಾ? ನಾನೂ ಜೊತೆಗಿರ್ತೀನಿ. ಆದ್ರೆ ಒಂದು ಮಾತು, ಈ ಮಕ್ಕಳಿಗೆ ನಾಳೆ ನೋಟ್ಸ್ ಮಾತ್ರ ಕೊಡಬೇಕು."

"ಕೊಡ್ತೀನಿ ಸರ್" ಎಂದು ಅವಳು ನಕ್ಕಳು. "ಅವರೇ ಹೇಳಲಿ, ನಾನು ಬರೀತೀನಿ."

ಸಂಜೆ ಮನೆಗೆ ಬಂದಾಗ ಪುಟ್ಟಿ ಆಗಲೇ ಅಜ್ಜಿಯ ಮುಂದೆ ಕೂತು ಕೈಯಾಡಿಸುತ್ತಾ ಇಡೀ ಪಾಠವನ್ನು ಮತ್ತೆ ಮಾಡುತ್ತಿದ್ದಳು. ಒಂದೂ ನೋಟ್ಸ್ ನೋಡದೆ. ತಾಯಿಯನ್ನು ಕಂಡು ಮಾತು ನಿಲ್ಲಿಸಿದಳು.

"ಬೇಜಾರಾಯ್ತಾ?" ಎಂದಳು ತಾಯಿ. "ಎಲ್ಲರಿಗೂ ಗೊತ್ತಾಯ್ತಲ್ಲ."

"ಗೊತ್ತಾಗೋದೇನು, ಗೊತ್ತೇ ಇತ್ತಂತಲ್ಲ ಆ ಕತ್ತೆಗಳಿಗೆ" ಎಂದಳು ಪುಟ್ಟಿ. ಹತ್ತಿರ ಬಂದು ತಾಯಿಯ ಕೈಚೀಲ ಇಸಿದುಕೊಂಡು ಮೊಳೆಗೆ ಹಾಕಿದಳು. "ಮುಂದಿನ ಪಾಠ ಶಬ್ದ. ಏನು ಮಾಡ್ತೀಯ?"

"ಹೇಳಲ್ಲ."

"ಅಮ್ಮಾ, ಪ್ಲೀಸ್. ನಂಗೊಬ್ಬಳಿಗೆ."

"ಎಲ್ಲರ ಜೊತೆ ನೋಡು."

"ಮೋಸ! ಮಗಳು ಅಂತ ಸ್ವಲ್ಪನೂ ಇಲ್ವಾ?" ಎಂದು ಪುಟ್ಟಿ ಕಾಲು ನೆಲಕ್ಕೆ ಕುಟ್ಟಿ, ಅವಳ ಹಿಂದೆಯೇ ಅಡುಗೆಮನೆಗೆ ನಡೆದಳು. ಒಳಗೆ ಹೋಗುವವರೆಗೂ ಕೇಳುತ್ತಲೇ ಇದ್ದಳು: ತಂತಿಯಾ, ಡಬ್ಬಿಯಾ, ನೀರಿನಲ್ಲಿ ಮಾಡ್ತೀಯಾ, ಗಾಳಿ ಇಲ್ಲದಿದ್ರೆ ಕೇಳಿಸುತ್ತಾ? ತಾಯಿ ಒಲೆ ಹಚ್ಚುತ್ತಾ, ಬೆನ್ನು ಮಾಡಿ ನಿಂತು, ಯಾವುದಕ್ಕೂ ಉತ್ತರಿಸದೆ ನಗುತ್ತಿದ್ದಳು.